ಹದಿಮೂರು ಕಂತು ನೋಡಿಸಿ ಕೊಲೆಗಾರನನ್ನೇ ತೋರಿಸದಿದ್ದರೆ?

ಪ್ರಶ್ನೆ: ಮೇಷ್ಟ್ರೇ, ನಾವು ಮಂಡ್ಯದವರು. ಈಚೆಗೆ ಮನೆಯವರೆಲ್ಲ ಕೂತು ‘ದಿ ಕಿಲ್ಲಿಂಗ್’ ಅನ್ನೋ ಅಮೆರಿಕದ ಸೀರಿಯಲ್‌ನ ಮೊದಲ ಸೀಸನ್ ನೋಡಿದೆವು. ಶುರುವಿನಲ್ಲಿ ಎಷ್ಟು ಚೆನ್ನಾಗಿತ್ತು ಅಂದ್ರೆ ಊಟದ ತಟ್ಟೆಯನ್ನು ಟಿವಿ ಮುಂದೆಯೇ ತಂದುಕೊಳ್ಳುತ್ತಿದ್ದೆವು. ಕೊನೆಯ ಕಂತು ಮುಗಿದಾಗ ಮಾತ್ರ ವಿಪರೀತ ಸಿಟ್ಟು ಬಂತು. ಆ ಹುಡುಗಿಯನ್ನು ಕೊಂದದ್ದು ಯಾರು ಅಂತಲೇ ಹೇಳಲಿಲ್ಲ. ನಮ್ಮ ಭಾವ, ‘ನಿಜ ಜೀವನದಲ್ಲೂ ಎಷ್ಟೋ ಕೇಸು ಪತ್ತೆಯಾಗಲ್ಲ, ಅದನ್ನೇ ತೋರಿಸಿದ್ದಾರೆ’ ಅಂತಾರೆ. ನನ್ನ ಸಿಟ್ಟು ತಪ್ಪಾ? ಇಷ್ಟು ಚೆನ್ನಾಗಿ ಬರೆಯೋರು ಕೊನೆಗೆ ಬಂದು ಯಾಕೆ ಹೀಗೆ ಮಾಡ್ತಾರೆ? ಎರಡನೇ ಸೀಸನ್ ನೋಡಬೇಕಾ, ಬಿಡಬೇಕಾ?

ಉತ್ತರ:

ನಿಮ್ಮ ಸಿಟ್ಟು ತಪ್ಪಲ್ಲ. 2011ರ ಜೂನ್ 19ರಂದು ಈ ಕಂತು ಮೊದಲ ಸಲ ಪ್ರಸಾರವಾದಾಗ ಅಮೆರಿಕದ ನೋಡುಗರೂ ಇಷ್ಟೇ ಸಿಟ್ಟಾಗಿದ್ದರು. ಏಪ್ರಿಲ್‌ನಲ್ಲಿ ಹೊಗಳಿ ಬರೆದಿದ್ದ ವಿಮರ್ಶಕರಲ್ಲಿ ಹಲವರು ಜೂನ್‌ನಲ್ಲಿ ತಿರುಗಿಬಿದ್ದರು. ಆದರೆ ನೀವು ಕೊಟ್ಟಿರುವ ಕಾರಣ, ಅಂದರೆ ಕೊಲೆಗಾರನ ಹೆಸರು ಹೇಳಲಿಲ್ಲ ಅನ್ನೋದು, ಅರ್ಧ ಮಾತ್ರ ಸರಿ ಅನ್ನಿಸುತ್ತದೆ ನನಗೆ. ಹೆಸರು ಹೇಳಿದ್ದರೂ ಆ ಕೊನೆಯ ಹತ್ತು ನಿಮಿಷ ನಿಮಗೆ ಹಿಡಿಸುತ್ತಿರಲಿಲ್ಲ. ಇಲ್ಲಿ ಮೈಸೂರಿನಲ್ಲಿ ಚಿತ್ರಕಥೆ ಕಲಿಸುವಾಗ ನಾನು ಈ ಸೀಸನ್‌ನ ಮೊದಲ ಕಂತು, ಕೊನೆಯ ಕಂತು ಎರಡನ್ನೂ ಒಂದರ ಹಿಂದೆ ಒಂದು ತೋರಿಸುತ್ತೇನೆ. ಹಾಗೆ ನೋಡಿದಾಗ ಪೆಟ್ಟು ಬಿದ್ದಿರುವ ಜಾಗ ಕಾಣುತ್ತದೆ.

ಮುಂದೆ ಓದುವವರಿಗೆ ಒಂದು ಮಾತು. ಮೊದಲ ಸೀಸನ್‌ನ ಕಥೆಯನ್ನು ಇಲ್ಲಿ ಪೂರ್ತಿ ಬಿಚ್ಚಿದ್ದೇನೆ. ಎರಡನೇ ಸೀಸನ್‌ನ ಗುಟ್ಟನ್ನು ಹೇಳುವುದಿಲ್ಲ.

ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಮೂಲ ಕಥೆ ಡೆನ್ಮಾರ್ಕಿನದು. ಅಲ್ಲಿನ ಸರ್ಕಾರಿ ವಾಹಿನಿ ಡಿಆರ್ 2007ರಲ್ಲಿ ‘ಫೋರ್ಬ್ರೂಡೆಲ್ಸನ್’ ಎಂಬ ಹೆಸರಿನಲ್ಲಿ 20 ಕಂತು ಪ್ರಸಾರ ಮಾಡಿತು. ಒಂದು ಕೊಲೆ, ಒಂದು ಕಂತಿಗೆ ಒಂದು ದಿನ. ಅದನ್ನೇ ಅಮೆರಿಕದ ಎಎಂಸಿ ವಾಹಿನಿಗಾಗಿ ವೀಣಾ ಸೂದ್ ಅವರು ಸಿಯಾಟಲ್ ನಗರಕ್ಕೆ ತಂದು ಕೂರಿಸಿದರು. 2011ರ ಏಪ್ರಿಲ್ 3ರಂದು ಶುರುವಾಯಿತು. ಹದಿಮೂರು ಕಂತು. ರೋಸಿ ಲಾರ್ಸನ್ ಎಂಬ ಹೈಸ್ಕೂಲ್ ಹುಡುಗಿ ಕಾಣೆಯಾಗುತ್ತಾಳೆ. ಸಾರಾ ಲಿಂಡನ್ ಎಂಬ ಡಿಟೆಕ್ಟಿವ್‌ಗೆ ಅದು ಕೆಲಸದ ಕೊನೆಯ ದಿನ. ಮಗನನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ ಮದುವೆಯಾಗಬೇಕು. ಅವಳ ಜಾಗಕ್ಕೆ ಬಂದಿರುವವನು ಸ್ಟೀಫನ್ ಹೋಲ್ಡರ್. ಲಿಂಡನ್ ಆಗಿ ಮಿರೇ ಈನಸ್, ಹೋಲ್ಡರ್ ಆಗಿ ಜೋಯಲ್ ಕಿನ್ನಮನ್. ಇಬ್ಬರೂ ಎಂಥ ನಟರು ಅನ್ನೋದು ನಿಮಗೆ ಗೊತ್ತೇ ಇದೆ.

ಈಗ ಮೊದಲ ಕಂತಿಗೆ ಬರೋಣ. ಕೆರೆಯಿಂದ ಒಂದು ಕಾರನ್ನು ಮೇಲೆತ್ತುತ್ತಾರೆ. ಹಿಂದಿನ ಡಿಕ್ಕಿಯಲ್ಲಿ ಆ ಹುಡುಗಿ. ಮಂಡ್ಯದ ಕಡೆಯವರಿಗೆ ಆ ದೃಶ್ಯ ಸುಮ್ನೆ ಟಿವಿ ದೃಶ್ಯವಾಗಿ ಉಳಿಯುವುದಿಲ್ಲ. ವಿ.ಸಿ. ನಾಲೆಯಿಂದ ಕ್ರೇನಿನಲ್ಲಿ ಗಾಡಿ ಎತ್ತುವುದನ್ನು ದಡದಲ್ಲಿ ನಿಂತು ನೋಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ನೀರು ಸೋರುತ್ತಾ ಮೇಲೆ ಬರುವ ಗಾಡಿ, ಒಳಗೆ ಯಾರಿದ್ದಾರೋ ಎಂದು ಕಾಯುವ ಮನೆಯವರು, ಇದೆಲ್ಲ ನಮಗೆ ಗೊತ್ತಿರುವ ಸಂಕಟ. ಆ ಸೀರಿಯಲ್ ಆ ಸಂಕಟವನ್ನು ಮರ್ಯಾದೆಯಿಂದ ಹಿಡಿದಿತ್ತು. ಅಪ್ಪ ಸ್ಟ್ಯಾನ್ ಕೆರೆಯ ಹತ್ತಿರ ಓಡಿ ಬರುತ್ತಾನೆ. ಫೋನಿನ ಆ ಕಡೆ ಅಮ್ಮ ಮಿಚ್ ಇದ್ದಾಳೆ. ಯಾರೂ ಅವಳಿಗೆ ವಿಷಯ ಹೇಳುವುದಿಲ್ಲ. ಗಂಡ ಚೀರುವುದು ಫೋನಿನಲ್ಲಿ ಕೇಳಿಸುತ್ತದೆ, ಅಷ್ಟೇ. ಅವಳಿಗೆ ತಿಳಿದುಹೋಗುತ್ತದೆ. ಕ್ರೈಂ ಸೀರಿಯಲ್‌ಗಳಲ್ಲಿ ಸಾಮಾನ್ಯವಾಗಿ ಹೆಣ ಸಿಕ್ಕ ಮೇಲೆ ಮನೆಯವರಿಗೆ ಎರಡು ದೃಶ್ಯ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಕಂತಿನ ಮೇಲೆ ಕಂತು ಆ ಮನೆಯಲ್ಲೇ ಕೂರಿಸಿದರು. ಶವಪೆಟ್ಟಿಗೆ ಆರಿಸುವುದು, ತಮ್ಮಂದಿರಿಗೆ ಹೇಳುವುದು, ಮಗಳ ರೂಮಿನ ಬಾಗಿಲು, ಅಡುಗೆಮನೆಯ ಮೌನ.

ಇದನ್ನೇ ನಾನು ಮೊದಲ ಕಂತಿನ ಮಾತು ಎನ್ನುತ್ತೇನೆ. ಪ್ರತಿ ಕಥೆಯೂ ಮೊದಲ ಕಂತಿನಲ್ಲಿ ನೋಡುಗರಿಗೆ ಒಂದು ಮಾತು ಕೊಡುತ್ತದೆ. ‘ಇದು ಇಂಥ ಕಥೆ, ಇದಕ್ಕಾಗಿ ನಿಮ್ಮ ಸಮಯ ಕೊಡಿ’ ಅನ್ನುತ್ತದೆ. ‘ದಿ ಕಿಲ್ಲಿಂಗ್’ ಕೊಟ್ಟದ್ದು ಎರಡು ಮಾತು. ಒಂದು, ಈ ಮನೆಯ ದುಃಖವನ್ನು ನಾವು ಬಿಟ್ಟುಹೋಗುವುದಿಲ್ಲ. ಇನ್ನೊಂದು, ಈ ಇಬ್ಬರು ಒಬ್ಬರನ್ನೊಬ್ಬರು ನಂಬುವುದನ್ನು ಕಲಿಯುತ್ತಾರೆ. ಕೊಲೆಗಾರ ಯಾರು ಅನ್ನೋದು ಈ ಎರಡರ ಜೊತೆಗೆ ಬರುವ ಮೂರನೆಯದು. ಆದರೆ ವಾಹಿನಿಯವರು ಜಾಹೀರಾತಿನಲ್ಲಿ ಎಲ್ಲ ಕಡೆ ಹಾಕಿದ್ದು ಆ ಮೂರನೆಯದನ್ನೇ: ‘ರೋಸಿ ಲಾರ್ಸನ್‌ಳನ್ನು ಕೊಂದವರು ಯಾರು?’ ಪೋಸ್ಟರಿನಲ್ಲಿ ಕೇಳಿದ ಪ್ರಶ್ನೆಗೆ ಸೀಸನ್ ಮುಗಿಯುವಾಗ ಉತ್ತರ ಸಿಗುತ್ತದೆ ಎಂದು ಜನ ನಂಬಿದ್ದರಲ್ಲಿ ಏನು ತಪ್ಪಿದೆ, ಹೇಳಿ.

ಕೊನೆಯ ಕಂತಿನಲ್ಲಿ ಆದದ್ದೇನು? ಮೇಯರ್ ಚುನಾವಣೆಗೆ ನಿಂತಿರುವ ಡ್ಯಾರನ್ ರಿಚ್ಮಂಡ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಟೋಲ್ ಸೇತುವೆಯ ಕ್ಯಾಮೆರಾದಲ್ಲಿ ಅವನ ಫೋಟೋ ಸಿಕ್ಕಿದೆ ಎಂದು ಹೋಲ್ಡರ್ ತಂದುಕೊಡುತ್ತಾನೆ. ರಿಚ್ಮಂಡ್ ಅರೆಸ್ಟ್ ಆಗುತ್ತಾನೆ. ಲಿಂಡನ್ ಮಗನ ಜೊತೆ ವಿಮಾನ ಹತ್ತಿ ಕೂರುತ್ತಾಳೆ. ಆಗ ಫೋನ್ ಬರುತ್ತದೆ. ಆ ಹೊತ್ತಿನಲ್ಲಿ ಸೇತುವೆಯ ಕ್ಯಾಮೆರಾ ಕೆಲಸವನ್ನೇ ಮಾಡುತ್ತಿರಲಿಲ್ಲ. ಫೋಟೋ ಸುಳ್ಳು. ಅತ್ತ ಹೋಲ್ಡರ್ ಒಂದು ಕಾರಿಗೆ ಹತ್ತಿ, ಫೋಟೋ ಕೆಲಸ ಮಾಡಿತು ಎಂದು ಒಳಗಿದ್ದವರಿಗೆ ಹೇಳುತ್ತಾನೆ. ಇತ್ತ ಸ್ಟ್ಯಾನ್ ಹತ್ತಿರ ಕೆಲಸಕ್ಕಿರುವ, ಲಾರ್ಸನ್ ಮನೆಯವರಿಗೆ ಬೇಕಾದ ಬೆಲ್ಕೋ ಪಿಸ್ತೂಲು ಹಿಡಿದು ರಿಚ್ಮಂಡ್ ಎದುರು ನಿಲ್ಲುತ್ತಾನೆ. ಅಲ್ಲಿಗೆ ಸೀಸನ್ ಮುಗಿಯಿತು.

ಉತ್ತರ ಕೊಡಲಿಲ್ಲ ಅನ್ನೋದನ್ನು ಪಕ್ಕಕ್ಕಿಡಿ. ನನಗೆ ಅದಕ್ಕಿಂತ ಜಾಸ್ತಿ ನೋವಾಗುವುದು ಹೋಲ್ಡರ್ ವಿಷಯದಲ್ಲಿ. ಹನ್ನೊಂದನೇ ಕಂತು ನೆನಪಿದೆಯಾ? ಕೇಸನ್ನು ಪೂರ್ತಿ ಬದಿಗಿಟ್ಟು, ಲಿಂಡನ್ ಮಗ ಕಾಣೆಯಾದಾಗ ಇಬ್ಬರೂ ಇಡೀ ದಿನ ಕಾರಿನಲ್ಲಿ ಸುತ್ತುವ ಕಂತು. ಪತ್ತೇದಾರಿ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೂ ಇಡೀ ಸೀಸನ್‌ನಲ್ಲಿ ನನಗೆ ತೀರಾ ಇಷ್ಟವಾದದ್ದು ಅದೇ. ಡ್ರಗ್ಸ್ ಚಟದಿಂದ ಹೊರಬಂದವನು ತನ್ನ ನಾಚಿಕೆಯನ್ನು ಹೇಳಿಕೊಳ್ಳುತ್ತಾನೆ. ಮಾತೇ ಆಡದ ಹೆಂಗಸು ಕೇಳಿಸಿಕೊಳ್ಳುತ್ತಾಳೆ. ಎರಡನೇ ಮಾತನ್ನು ಸೀರಿಯಲ್ ಅಲ್ಲಿ ಉಳಿಸಿಕೊಂಡಿತ್ತು. ಅದಾಗಿ ಎರಡೇ ಕಂತಿಗೆ, ಕೊನೆಯ ಎರಡು ನಿಮಿಷದಲ್ಲಿ, ಅದೇ ಹೋಲ್ಡರ್ ಸುಳ್ಳು ಸಾಕ್ಷ್ಯ ಹುಟ್ಟಿಸಿದ ಮೋಸಗಾರ ಎಂದು ತೋರಿಸಿದರು. ಹಿಂದೆ ಎಲ್ಲೂ ಅದಕ್ಕೆ ಬೀಜ ಬಿತ್ತಿರಲಿಲ್ಲ. ಬೇಕಾದರೆ ಮತ್ತೆ ಹೋಗಿ ಹುಡುಕಿ, ನೀವು ಅಲ್ಲಿಯವರೆಗೆ ನೋಡಿದ ಮನುಷ್ಯನಿಗೂ ಇವನಿಗೂ ಸಂಬಂಧವೇ ಸಿಗುವುದಿಲ್ಲ. ಎರಡನೇ ಸೀಸನ್ ಶುರುವಿನಲ್ಲೇ ಇದನ್ನು ರಿಪೇರಿ ಮಾಡಬೇಕಾಯಿತು. ಅವನನ್ನೂ ಬೇರೆಯವರು ಬಳಸಿಕೊಂಡಿದ್ದರು ಎಂದು ಹೇಳಬೇಕಾಯಿತು. ಮುಂದಿನ ವರ್ಷ ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಆ ತಿರುವು ಯಾಕೆ ಬೇಕಿತ್ತು? ಜನ ಹತ್ತು ತಿಂಗಳು ಮಾತಾಡಲಿ ಅಂತ, ಅಷ್ಟೇ.

ಬೆನೆಟ್ ಅಹ್ಮದ್ ವಿಷಯ ಇದಕ್ಕಿಂತಲೂ ಬೇಸರದ್ದು. ರೋಸಿಯ ಮೇಷ್ಟ್ರು. ಕಪ್ಪು ಮನುಷ್ಯ, ಮುಸ್ಲಿಂ, ಹೆಂಡತಿ ತುಂಬು ಗರ್ಭಿಣಿ. ಕಂತುಗಟ್ಟಲೆ ಅವನ ಮೇಲೆ ಅನುಮಾನ ಎಳೆದಾಡಿದರು. ನಿಜವಾಗಿ ಅವನು ಒಬ್ಬ ಹುಡುಗಿಯನ್ನು ಕಾಪಾಡಲು ಓಡಾಡುತ್ತಿದ್ದ. ಅದು ತಿಳಿಯುವ ಹೊತ್ತಿಗೆ ಸ್ಟ್ಯಾನ್ ಅವನನ್ನು ಸಾಯುವಂತೆ ಬಡಿದಾಗಿತ್ತು. ಎಂಥ ದೊಡ್ಡ ವಿಷಯ ಇದು! ದುಃಖದಲ್ಲಿರುವ ಒಬ್ಬ ಒಳ್ಳೆಯ ಅಪ್ಪ ತಪ್ಪು ಮನುಷ್ಯನನ್ನು ಹಾಳು ಮಾಡಿದ. ಕೊನೆಯ ಕಂತು ಬೇರೆ ಏನನ್ನೂ ಮಾಡದೆ ಇದೊಂದನ್ನೇ ಎದುರಿಸಿದ್ದರೆ, ಕೊಲೆಗಾರ ಸಿಗದಿದ್ದರೂ ನಾನು ಒಪ್ಪುತ್ತಿದ್ದೆ. ಆದರೆ ಆತ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿರುವಾಗ ಕಥೆ ಮುಂದಿನ ಅನುಮಾನದ ಹಿಂದೆ ಓಡಿಹೋಯಿತು. ಒಬ್ಬ ಮನುಷ್ಯನ ಬಾಳನ್ನು ನಾಲ್ಕೈದು ಕಂತು ತುಂಬಿಸಲು ಬಳಸಿಕೊಂಡ ಹಾಗಾಯಿತು.

ಈಗ ನಿಮ್ಮ ಭಾವನವರ ಮಾತು. ನಿಜ ಜೀವನದಲ್ಲಿ ಎಷ್ಟೋ ಕೇಸು ಪತ್ತೆಯಾಗುವುದಿಲ್ಲ ಅನ್ನೋದು ನಿಜ. ಪತ್ತೆಯಾಗದ ಕೇಸಿನ ಮೇಲೆ ಒಳ್ಳೆಯ ಕಥೆ ಮಾಡಬಹುದು ಅನ್ನೋದೂ ನಿಜ. ದಕ್ಷಿಣ ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ ಸಿನಿಮಾವನ್ನು ಅವರಿಗೆ ತೋರಿಸಿ. 2003ರದು. ಅಲ್ಲಿನ ಹ್ವಾಸಾಂಗ್ ಎಂಬ ಕಡೆ ನಿಜವಾಗಿ ನಡೆದ ಸರಣಿ ಕೊಲೆಗಳ ಕಥೆ. ಸಿನಿಮಾ ಬಂದಾಗ ಕೊಲೆಗಾರ ಸಿಕ್ಕಿರಲಿಲ್ಲ. ಸಿನಿಮಾದಲ್ಲೂ ಸಿಗುವುದಿಲ್ಲ. (ನಿಜದ ಕೊಲೆಗಾರ ಯಾರೆಂದು ಡಿಎನ್ಎ ಮೂಲಕ ಗೊತ್ತಾದದ್ದು 2019ರಲ್ಲಿ. ಆತ ಬೇರೊಂದು ಕೊಲೆಗೆ ಆಗಲೇ ಜೈಲಿನಲ್ಲಿದ್ದ.) ಆ ಸಿನಿಮಾ ನೋಡಿ ಹೊರಬಂದವರಿಗೆ ಮೋಸ ಹೋದೆವು ಅನ್ನಿಸುವುದಿಲ್ಲ. ಯಾಕೆಂದರೆ ಒಂದೊಂದು ಸುಳಿವೂ ಕೈಕೊಡುವುದನ್ನು ನಮ್ಮ ಕಣ್ಣೆದುರೇ ತೋರಿಸುತ್ತಾರೆ. ಪೊಲೀಸರು ಹೊಡೆದು ಬಾಯಿ ಬಿಡಿಸಿದ್ದು ಸುಳ್ಳಾಗುತ್ತದೆ. ನಂಬಿದ್ದ ಲ್ಯಾಬ್ ರಿಪೋರ್ಟೂ ಕೈ ಹಿಡಿಯುವುದಿಲ್ಲ. ಸೋಲೇ ಆ ಕಥೆಯ ವಿಷಯ. ಮೊದಲಿನಿಂದಲೂ ಅದನ್ನು ಮುಚ್ಚಿಡಲಿಲ್ಲ. ‘ದಿ ಕಿಲ್ಲಿಂಗ್’ ಮೊದಲ ಸೀಸನ್‌ನಲ್ಲಿ ಯಾರೂ ಸೋಲಲಿಲ್ಲ. ಉತ್ತರ ಇತ್ತು. ಬರೆಯುವವರು ಅದನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಂಡರು. ಇದನ್ನು ಬದುಕಿನ ಸತ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮ ಭಾವ ನಿಮಗಿಂತ ಚೆನ್ನಾಗಿ ಬಲ್ಲವರಿರಬಹುದು. ನಮ್ಮ ಮಂಡ್ಯ ಮೈಸೂರು ಕಡೆ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಹಾಕುವವರು ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಊರಲ್ಲಿ ಆಡಿದ್ದು ಸಾಲದು ಅಂತ ಮಂಡ್ಯದ ಕಲಾಮಂದಿರಕ್ಕೋ ಮೈಸೂರಿನ ಟೌನ್‌ಹಾಲ್‌ಗೋ ಬಂದೂ ಆಡುತ್ತಾರೆ. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿಲ್ಲದ ಒಂದು ಮಗುವೂ ಆ ಜನರಲ್ಲಿ ಇರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂರುತ್ತಾರೆ. ಕೊನೆಯಲ್ಲಿ ಭೀಮನ ಗದೆ ಬೀಳುವುದನ್ನು ನೋಡದೆ ಯಾರೂ ಏಳುವುದಿಲ್ಲ. ರಾತ್ರಿಯೆಲ್ಲ ಆ ಛಲ, ಆ ಅಹಂಕಾರ, ಆ ಕಂದಗಳನ್ನು ಕೇಳಿಸಿಕೊಂಡಿದ್ದೇವೆ. ಅದು ಎಲ್ಲಿಗೆ ಬಂದು ನಿಂತಿತು ಅಂತ ನೋಡಬೇಕು. ಗದಾಯುದ್ಧಕ್ಕೆ ಮೊದಲೇ ಪರದೆ ಎಳೆದು, ಉಳಿದದ್ದು ಮುಂದಿನ ವರ್ಷದ ಜಾತ್ರೆಗೆ ಅಂದರೆ ಜನ ಸುಮ್ಮನಿರುತ್ತಾರಾ? ಅಂದರೆ ಅಚ್ಚರಿಗಾಗಿ ಮಾತ್ರ ನಾವು ಕಥೆಯ ಕೊನೆ ಕಾಯುವುದಿಲ್ಲ. ಇಲ್ಲಿಯವರೆಗೆ ಹೊತ್ತುಕೊಂಡು ಬಂದ ಭಾರವನ್ನು ಒಂದು ಕಡೆ ಇಳಿಸಬೇಕು, ಅದಕ್ಕಾಗಿ ಕಾಯುತ್ತೇವೆ. ಲಾರ್ಸನ್ ಮನೆಯ ಭಾರವನ್ನು ಹದಿಮೂರು ಕಂತು ನಮ್ಮ ಮೇಲೆ ಹೇರಿ ಅವರು ಇಳಿಸಲಿಲ್ಲ. ನಿಮ್ಮ ಸಿಟ್ಟು ಅದಕ್ಕೇ ಅಂತ ನನ್ನ ನಂಬಿಕೆ.

ಇಷ್ಟು ಚೆನ್ನಾಗಿ ಬರೆಯುವವರು ಯಾಕೆ ಹೀಗೆ ಮಾಡುತ್ತಾರೆ ಎಂದು ಕೇಳಿದ್ದೀರಿ. ಕಾರಣ ಬರಹಗಾರರ ಕೋಣೆಯಿಂದ ಆಚೆ ಇದೆ. ಅಮೆರಿಕದ ಕೇಬಲ್ ವಾಹಿನಿಗೆ ಒಂದು ಸೀರಿಯಲ್ ಅಂದರೆ ವರ್ಷ ವರ್ಷ ಬರಬೇಕಾದ ಸರಕು. ಆಗ ಎಎಂಸಿ ಹೆಸರು ಮಾಡುತ್ತಿದ್ದ ಕಾಲ. ‘ಮ್ಯಾಡ್ ಮೆನ್’, ‘ಬ್ರೇಕಿಂಗ್ ಬ್ಯಾಡ್’ ಎರಡೂ ಅದರದೇ. ‘ದಿ ಕಿಲ್ಲಿಂಗ್’ ಮೊದಲ ಕಂತನ್ನು ಸುಮಾರು 27 ಲಕ್ಷ ಜನ ನೋಡಿದ್ದರು. ಮೊದಲ ಸೀಸನ್ ಮುಗಿಯುವ ಮೊದಲೇ ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿತ್ತು. ಮೂಲ ಡೇನಿಶ್ ಕಥೆ 20 ಕಂತಿನದು. ಇಲ್ಲಿ 13ರಲ್ಲಿ ಅರ್ಧ ಮಾತ್ರ ಹೇಳಿ ಉಳಿದರ್ಧಕ್ಕೆ ಇನ್ನೊಂದು 13 ಇಟ್ಟರು. ಡೆನ್ಮಾರ್ಕಿನಲ್ಲೂ 20 ಕಂತು ಒಂದೇ ಓಟದಲ್ಲಿ ಬರಲಿಲ್ಲ. ವರ್ಷದ ಶುರುವಿನಲ್ಲಿ ಹತ್ತು, ಆಮೇಲೆ ಬಿಡುವು ಕೊಟ್ಟು ಅದೇ ವರ್ಷದ ಕೊನೆಯಲ್ಲಿ ಹತ್ತು. ಆದರೂ ಅದು ಒಂದೇ ಕೊಲೆಯ ಒಂದೇ ಕಥೆ, ಅದೇ ವರ್ಷ ಮುಗಿಯಿತು. ಅಮೆರಿಕದಲ್ಲಿ ಅದನ್ನೇ ಮೊದಲೇ ಹೇಳಿದ್ದರೆ, ‘ಇದು ಇಪ್ಪತ್ತಾರು ಕಂತಿನ ಕಥೆ, ಮೊದಲ ಅರ್ಧ ಈಗ’ ಅಂದಿದ್ದರೆ, ಅರ್ಧ ಸಿಟ್ಟು ಇರುತ್ತಲೇ ಇರಲಿಲ್ಲ. ಲೆಕ್ಕಾಚಾರವೂ ತಲೆಕೆಳಗಾಯಿತು. ಎರಡನೇ ಸೀಸನ್‌ನ ಮೊದಲ ಕಂತಿಗೆ ಉಳಿದದ್ದು ಸುಮಾರು 18 ಲಕ್ಷ ಜನ.

ನಮ್ಮ ಕಡೆಯ ದಿನದ ಧಾರಾವಾಹಿಗಳಿಗೆ ಬರೆದವನಾದ್ದರಿಂದ ಈ ಒತ್ತಡ ನನಗೆ ಅರ್ಥವಾಗುತ್ತದೆ. ಅಲ್ಲಿ ಕೊನೆ ಅನ್ನೋದನ್ನು ಯಾರೂ ಯೋಚಿಸಿರುವುದಿಲ್ಲ. ವಾರ ವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಮುಂದಿನ ಟ್ರ್ಯಾಕ್. ಒಂದು ಧಾರಾವಾಹಿಯಲ್ಲಿ ನಾಯಕಿಯ ಅಣ್ಣನನ್ನು ಕೊಂದವರು ಯಾರು ಅನ್ನೋ ಗುಟ್ಟನ್ನು ನಾವು ತಿಂಗಳುಗಟ್ಟಲೆ ಎಳೆದಿದ್ದೆವು. ಒಂದು ದಿನ ವಾಹಿನಿಯಿಂದ ಫೋನ್ ಬಂತು: ಮುಂದಿನ ವಾರಕ್ಕೆ ಮುಗಿಸಿ, ಆ ಸ್ಲಾಟಿಗೆ ಬೇರೆಯದು ಬರುತ್ತಿದೆ. ಸೆಟ್ಟಿನಲ್ಲಿದ್ದ ನಟರಲ್ಲಿ ಯಾರ ಡೇಟ್ ಸಿಗುತ್ತದೋ ಅವರೇ ಕೊಲೆಗಾರ ಆಗಬೇಕು! ಅಂಥ ಕೊನೆ ನೋಡಿದಾಗ ಜನ ಬರಹಗಾರನನ್ನು ಬೈಯುತ್ತಾರೆ. ಬೈಯಲಿ, ಅವರ ಹಕ್ಕು. ಆದರೆ ಕೊನೆ ಹಾಳಾಗಿರುವುದು ಹೆಚ್ಚಾಗಿ ಒನ್‌ಲೈನ್, ಅಂದರೆ ಕಥೆಯ ಚಿಕ್ಕ ಸಾರ, ಒಪ್ಪಿಸುವ ದಿನವೇ. ‘ಇದು ಎಲ್ಲಿ ಮುಗಿಯುತ್ತದೆ?’ ಎಂದು ಆ ಮೇಜಿನ ಸುತ್ತ ಕೂತ ಯಾರೂ ಕೇಳದೆ ಹೋದ ದಿನ.

ಹಾಗಂತ ಉತ್ತರ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಬ್ರಿಟನ್ನಿನ ‘ಲೈನ್ ಆಫ್ ಡ್ಯೂಟಿ’ ಗೊತ್ತಿರಬಹುದು. ಪೊಲೀಸ್ ಇಲಾಖೆಯೊಳಗಿನ ಭ್ರಷ್ಟರನ್ನು ಹಿಡಿಯುವ ಪೊಲೀಸರ ಕಥೆ. ‘ಎಚ್’ ಎಂಬ ಗುಪ್ತ ಹೆಸರಿನ ದೊಡ್ಡ ಕೈ ಯಾರು ಎಂದು ವರ್ಷಗಟ್ಟಲೆ ಕಾಯಿಸಿದರು. ಸಾಯುತ್ತಿರುವವನ ಬೆರಳು ಮಿಸುಕಿದ್ದರಲ್ಲೂ ಸಂಕೇತ ಹುಡುಕಿಸಿದರು. 2021ರ ಮೇ 2ರಂದು ಆರನೇ ಸೀಸನ್‌ನ ಕೊನೆಯ ಕಂತನ್ನು ಸುಮಾರು 1.28 ಕೋಟಿ ಜನ ನೋಡಿದರು. ಉತ್ತರ ಸಿಕ್ಕಿತು. ಆದರೆ ಬಾಗಿಲು ತೆರೆದಾಗ ಒಳಗಿದ್ದವನು ಕೆಲಸಕ್ಕೆ ಬಾರದ ಒಬ್ಬ ಅಧಿಕಾರಿ. ಸ್ಪೆಲ್ಲಿಂಗ್ ತಪ್ಪಿನಿಂದ ಸಿಕ್ಕಿಬೀಳುವಂಥವನು. ಭ್ರಷ್ಟಾಚಾರದ ಹಿಂದೆ ದೊಡ್ಡ ಬುದ್ಧಿವಂತ ಇರಬೇಕಾಗಿಲ್ಲ, ದಡ್ಡರು ಮೇಲೇರುವುದನ್ನು ನೋಡಿಯೂ ಸುಮ್ಮನಿರುವವರು ಇದ್ದರೆ ಸಾಕು ಅನ್ನೋದು ಬರೆದವರ ಮಾತು. ಆ ಮಾತು ಸತ್ಯ ಎಂದೇ ನನ್ನ ಅಭಿಪ್ರಾಯ. ಕಚೇರಿಗಳಿಗೆ ಅಲೆದವರಿಗೆ ಅದು ಗೊತ್ತು. ಆದರೂ ಜನ ನಿರಾಶರಾದರು. ಯಾಕೆಂದರೆ ಅಲ್ಲಿಯವರೆಗೆ ಕಥೆ ಕೊಟ್ಟಿದ್ದ ಮಾತೇ ಬೇರೆ. ಬುದ್ಧಿವಂತ ರಾಕ್ಷಸನನ್ನು ತೋರಿಸುತ್ತೇವೆ ಎಂದು ವರ್ಷಗಟ್ಟಲೆ ನಂಬಿಸಿ, ಕೊನೆಯ ಕಂತಿನಲ್ಲಿ ರಾಕ್ಷಸನೇ ಇಲ್ಲ ಅಂದರೆ, ಸತ್ಯ ಹೇಳಿದರೂ ಜನರಿಗೆ ಅದು ಹಿಡಿಸುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ‘ಟ್ವಿನ್ ಪೀಕ್ಸ್’ ಸೀರಿಯಲ್ ಇದೆ. ಅಲ್ಲಿ ಮಾಡಿದವರಿಗೆ ಕೊಲೆಗಾರನ ಹೆಸರು ಹೇಳುವ ಮನಸ್ಸೇ ಇರಲಿಲ್ಲ. ವಾಹಿನಿಯ ಒತ್ತಾಯಕ್ಕೆ 1990ರ ನವೆಂಬರ್‌ನಲ್ಲಿ, ಎರಡನೇ ಸೀಸನ್‌ನ ನಡುವೆ ಹೇಳಿದರು. ಅಲ್ಲಿಂದ ಮುಂದೆ ಕಥೆಗೆ ಬೆನ್ನೆಲುಬೇ ಉಳಿಯಲಿಲ್ಲ. 1991ರಲ್ಲಿ ನಿಂತುಹೋಯಿತು. ಒಂದು ಕಡೆ ಉತ್ತರ ಹೇಳದೆ ಕೆಟ್ಟಿತು, ಇನ್ನೊಂದು ಕಡೆ ಹೇಳಿ ಕೆಟ್ಟಿತು.

ಸುಳ್ಳು ಫೋಟೋ ಬಗ್ಗೆಯೂ ಒಂದು ಮಾತು ಹೇಳಬೇಕು. ಕ್ಲಾಸಿನಲ್ಲಿ ಹುಡುಗರು ಯಾವಾಗಲೂ ಕೇಳುತ್ತಾರೆ, ಅಷ್ಟು ಸುಲಭವಾಗಿ ಒಬ್ಬನನ್ನು ಸಿಕ್ಕಿಸಬಹುದಾ ಅಂತ. ನಮ್ಮಲ್ಲೇ ನಡೆಯಿತು ಅಂದುಕೊಳ್ಳಿ. ಗಣಂಗೂರು ಟೋಲಿನ ಕ್ಯಾಮೆರಾದ ಫೋಟೋ ಎಂದು ಒಬ್ಬ ಪೊಲೀಸ್ ತಂದಿಟ್ಟ. ಅರೆಸ್ಟ್ ಮಾಡಲು ಅದು ಸಾಕಾಗಬಹುದು. ಆದರೆ ಕೋರ್ಟಿನಲ್ಲಿ ಅಂಥ ಫೋಟೋ ನಿಲ್ಲಬೇಕಾದರೆ ಅದರ ಜೊತೆ ಪ್ರಮಾಣಪತ್ರ ಬೇಕು. ಯಾವ ಯಂತ್ರದಿಂದ ಬಂತು, ಆ ಯಂತ್ರ ಆಗ ಸರಿಯಾಗಿ ಕೆಲಸ ಮಾಡುತ್ತಿತ್ತಾ ಎಂದು ಹೇಳುವ ಪತ್ರ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 65ಬಿ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63. ಕ್ಯಾಮೆರಾ ಕೆಟ್ಟಿತ್ತು ಅನ್ನೋದು ಅಲ್ಲೇ ಬಯಲಾಗುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಅನ್ನೋದೂ ನಮ್ಮ ಕಾನೂನಿನಲ್ಲಿದೆ. ನಮ್ಮ ಎಷ್ಟೋ ಕ್ರೈಂ ಕಥೆಗಳು ಸ್ಟೇಷನ್ನಿನಲ್ಲಿ ಕೊಲೆಗಾರ ಅತ್ತು ಒಪ್ಪಿಕೊಳ್ಳುವಲ್ಲಿಗೆ ಮುಗಿಯುತ್ತವೆ. ನಿಜದಲ್ಲಿ ಕೇಸಿನ ಕಷ್ಟದ ಕೆಲಸ ಶುರುವಾಗುವುದೇ ಅಲ್ಲಿಂದ. ಮಂಡ್ಯದ ಸ್ಟೇಷನ್ ಒಂದರಲ್ಲಿ ಒಪ್ಪಿಕೊಂಡ ಮೇಲೆ, ಆ ಮಾತನ್ನು ಬಿಟ್ಟು ಉಳಿದ ಸಾಕ್ಷ್ಯ ಹುಡುಕಲು ಹೊರಡುವ ಸಬ್ ಇನ್ಸ್‌ಪೆಕ್ಟರ್ ಕಥೆಯನ್ನು ಯಾರಾದರೂ ಬರೆದರೆ ನಾನು ಆಸೆಯಿಂದ ಓದುತ್ತೇನೆ.

ಮುಂದಿನ ಸಲ ಒಂದು ಸೀರಿಯಲ್ ಹೀಗೆ ಕೈಕೊಡುತ್ತದೋ ಇಲ್ಲವೋ ಎಂದು ಮೊದಲೇ ಅಂದಾಜು ಮಾಡಬಹುದಾ? ಸ್ವಲ್ಪ ಮಟ್ಟಿಗೆ ಮಾಡಬಹುದು. ಕಂತಿನ ಕೊನೆಯ ಹುಕ್ ನೋಡಿ, ಅಂದರೆ ಮುಂದಿನ ಕಂತಿಗೆ ಎಳೆಯಲು ಹಾಕುವ ಕೊಕ್ಕೆ. ಕೊನೆಯ ನಿಮಿಷದಲ್ಲಿ ಹೊಸಬನ ಮೇಲೆ ಅನುಮಾನ ಬರುತ್ತದೆ. ಮುಂದಿನ ಕಂತಿನ ಶುರುವಿನಲ್ಲೇ ಅದು ಕರಗಿಹೋಗುತ್ತದೆ. ಇದು ಮೂರು ನಾಲ್ಕು ಸಲ ಆಯಿತು ಅಂದರೆ, ಆ ತಂಡಕ್ಕೆ ಕಂತು ತುಂಬಿಸುವ ಚಿಂತೆ ಇದೆ, ಕಥೆ ಮುಗಿಸುವ ಚಿಂತೆ ಇಲ್ಲ ಅಂತಲೇ ತಿಳಿಯಿರಿ. ಇನ್ನೊಂದು, ಅನುಮಾನದಿಂದ ಬಿಡುಗಡೆಯಾದ ಪಾತ್ರಕ್ಕೆ ಆಮೇಲೆ ಏನಾಯಿತು ಎಂದು ನೋಡಿ. ಒಳ್ಳೆಯ ಕಥೆಯಲ್ಲಿ ಅನುಮಾನ ಬಿದ್ದ ಮನುಷ್ಯ ಮೊದಲಿನಂತೆ ಉಳಿಯುವುದಿಲ್ಲ. ಅವನ ಮನೆ, ಕೆಲಸ, ಊರಿನ ಜನ ನೋಡುವ ರೀತಿ, ಎಲ್ಲ ಬದಲಾಗಿರುತ್ತದೆ. ಬರೆಯುವವರು ಅದನ್ನು ಮರೆಯುವುದಿಲ್ಲ.

ಎರಡನೇ ಸೀಸನ್ ನೋಡಬೇಕಾ ಅಂತ ಕೇಳಿದ್ದೀರಿ. ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ನಡುವೆ ಕೆಲವು ಕಂತು ಎಳೆದಾಟ ಇದೆ, ತಾಳ್ಮೆ ಬೇಕು. ಆದರೆ 2012ರ ಜೂನ್‌ನಲ್ಲಿ ಬಂದ ಅದರ ಕೊನೆಯ ಕಂತು ಮೊದಲ ಕಂತಿನ ಮಾತನ್ನು ಪೂರ್ತಿ ತೀರಿಸುತ್ತದೆ. ಕೊಲೆ ಹೇಗಾಯಿತು ಅನ್ನೋದು ತಿಳಿದಾಗ ಅಚ್ಚರಿಗಿಂತ ಸಂಕಟ ಜಾಸ್ತಿ ಆಗುತ್ತದೆ. ಆ ಕಾರು ನೀರಿಗೆ ಹೋದ ಗಳಿಗೆಯಲ್ಲಿ ಒಬ್ಬರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅನ್ನೋದರಲ್ಲಿ ಎಲ್ಲ ಅಡಗಿದೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಲಾರ್ಸನ್ ಮನೆಯವರಿಗೂ ಅಲ್ಲಿ ಒಂದು ದೃಶ್ಯ ಇದೆ, ಅವರಿಗೆ ಸಲ್ಲಬೇಕಾದದ್ದು. ಹದಿಮೂರು ಕಂತಿಗೇ ಕೈಬಿಟ್ಟವರು ಅದನ್ನು ನೋಡಲೇ ಇಲ್ಲ ಅನ್ನೋದು ನನಗೆ ಇವತ್ತಿಗೂ ಬೇಸರ. ನಿಮಗೆ ವರ್ಷ ಕಾಯುವ ಕಷ್ಟವೂ ಇಲ್ಲ, ಇಪ್ಪತ್ತಾರನ್ನೂ ಒಂದೇ ಕಥೆ ಎಂದುಕೊಂಡು ನೋಡಬಹುದು. ಆಮೇಲೆ ಬಂದ ಮೂರನೇ, ನಾಲ್ಕನೇ ಸೀಸನ್ ಬೇರೆ ಕೇಸುಗಳು. ಅವು ಇಲ್ಲದೆಯೂ ರೋಸಿಯ ಕಥೆ ಮುಗಿಯುತ್ತದೆ.

ಅದಾದ ಮೇಲೆ ಮನೆಯವರೆಲ್ಲ ಸೇರಿ ‘ಬ್ರಾಡ್‌ಚರ್ಚ್’ ನೋಡಿ. ಬ್ರಿಟನ್ನಿನದು, 2013ರಲ್ಲಿ ಬಂತು, ಮೊದಲ ಸೀಸನ್ ಬರೀ ಎಂಟು ಕಂತು. ಸಮುದ್ರದ ಪಕ್ಕದ ಸಣ್ಣ ಊರು, ಹನ್ನೊಂದು ವರ್ಷದ ಹುಡುಗನ ಸಾವು, ಇಬ್ಬರು ಪೊಲೀಸರು. ಇದೇ ಥರದ ಸರಕು. ಅಲ್ಲಿ ಕೊಲೆಗಾರ ಯಾರೆಂದು ಕೊನೆಯ ಕಂತಿನ ಶುರುವಿನ ಭಾಗದಲ್ಲೇ ಹೇಳಿಬಿಡುತ್ತಾರೆ. ಉಳಿದ ಹೊತ್ತೆಲ್ಲ ಆ ಸುದ್ದಿ ಒಂದೊಂದೇ ಮನೆಗೆ ಹೇಗೆ ತಲುಪುತ್ತದೆ, ಕೇಳಿದವರು ಏನಾಗುತ್ತಾರೆ ಅನ್ನೋದಕ್ಕೆ. ಆಲಿವಿಯಾ ಕೋಲ್ಮನ್ ಮಾಡಿರುವ ಪೊಲೀಸ್ ಪಾತ್ರವನ್ನು ಆ ಕಂತಿನಲ್ಲಿ ಗಮನವಿಟ್ಟು ನೋಡಿ. ಮೊದಲ ಸೀಸನ್ ತನ್ನಷ್ಟಕ್ಕೆ ಪೂರ್ತಿ. ಎರಡನೆಯದು ಅದರ ಕೋರ್ಟ್ ಕೇಸನ್ನು ಹಿಡಿದು ಹೋಗುತ್ತದೆ, ಮೊದಲನೆಯದರಷ್ಟು ಬಿಗಿ ಇಲ್ಲ. ನಿಮ್ಮ ಭಾವನವರು ಒಪ್ಪದಿದ್ದರೆ, ಅವರ ವಾದವನ್ನೂ ಬರೆದು ಕಳಿಸಿ.